ಬೆಳೆಯುವ ಪೀಸಿಗೆ ಫಿಕ್ಸ್ಚರು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಫಿಕ್ಸ್ಚರ್ ಮಾಡಿದ ಮುನಿರಾಜುವಿನ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆಯ ವಸ್ತುಗಳು: ಸರಿಯಾಗಿ ಕೂರುವವು, ಸರಿಯಾಗಿ ಕೂರದವು. ಫಿಕ್ಸ್ಚರ್ ಎಂದರೆ ಮಿಷನ್ನಿನ ಮೇಲೆ ಪೀಸನ್ನು ಕೂರಿಸಿ ಅಲ್ಲಾಡದಂತೆ ಹಿಡಿದುಕೊಳ್ಳುವ ಕಬ್ಬಿಣದ ತೊಡೆ. ಒಳ್ಳೆಯ ಫಿಕ್ಸ್ಚರಿನಲ್ಲಿ ಪೀಸು ಒಂದೇ ರೀತಿ ಕೂರುತ್ತದೆ. ತಿರುಗುಮುರುಗು ಇಟ್ಟರೆ ಕೂರುವುದೇ ಇಲ್ಲ. ನಿದ್ದೆಗಣ್ಣಿನ ಆಪರೇಟರ್ ಕೂಡ ತಪ್ಪು ಮಾಡಬೇಕೆಂದರೆ ಬೆವರು ಸುರಿಸಬೇಕು. ಮುನಿರಾಜು ಮಾಡಿದ ಫಿಕ್ಸ್ಚರುಗಳಲ್ಲಿ ತಪ್ಪು ಮಾಡಲು ಹೋಗಿ ಸೋತವರು ಬಹಳ ಮಂದಿ ಇದ್ದರು. ಅವರಲ್ಲಿ ಇಬ್ಬರು ಮ್ಯಾನೇಜರುಗಳು.

ಅರವತ್ತು ತುಂಬಿದ ದಿನ ಕಾರ್ಖಾನೆಯವರು ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ನಿವೃತ್ತಿಯಾದವನಿಗೆ ಗಡಿಯಾರ ಕೊಡುವುದು ಬೋಳುತಲೆಗೆ ಬಾಚಣಿಗೆ ಕೊಟ್ಟ ಹಾಗೆ. ಟಿ. ದಾಸರಹಳ್ಳಿಯಲ್ಲಿ ತಾತನ ರಾಗಿ ಹೊಲ ಇದ್ದ ಜಾಗದಲ್ಲೇ ಎದ್ದ ಮೂರಂತಸ್ತಿನ ಮನೆ ಅವನದು. ಕೆಳಗೆ ಇವನು ಮತ್ತು ಹೆಂಡತಿ ಶಾಂತಿ. ಮೇಲೆ ಯಾದಗಿರಿ, ಕೊಪ್ಪಳದ ಕಡೆಯಿಂದ ದುಡಿಯಲು ಬಂದ ಬಾಡಿಗೆಯವರು. ಮೊದಲ ವಾರ ಗಡಿಯಾರ ನೋಡಿದ. ಎರಡನೇ ವಾರ ಮನೆಯೊಳಗಿನ ವಸ್ತುಗಳನ್ನು ಒಂದೊಂದಾಗಿ ಫಿಕ್ಸ್ ಮಾಡಲು ಶುರುಮಾಡಿದ. ಲಟ್ಟಣಿಗೆಗೊಂದು ತೊಟ್ಟಿಲು, ಟಿ.ವಿ. ರಿಮೋಟಿಗೊಂದು ಗೂಡು. ಸೌಟು ನೇತುಹಾಕುವ ಕೊಕ್ಕೆಯನ್ನು ಅವನು ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದನೆಂದರೆ ಸೌಟು ತೆಗೆಯಲು ಎರಡು ಕೈ ಬೇಕಾಗುತ್ತಿತ್ತು.

"ಸಾರು ಉಕ್ತಾ ಐತೆ, ನಾನಿಲ್ಲಿ ಸೌಟಿನ ಜೊತೆ ಕುಸ್ತಿ ಆಡ್ತಾ ಇದೀನಿ," ಅಂದಳು ಶಾಂತಿ. "ಮನೇನ ಕಾರ್ಖಾನೆ ಮಾಡ್ಬೇಡಿ. ಆ ಟ್ಯಾಂಕ್ ಸ್ಕೂಲ್ ಮೇಡಂ ಯಾರಾದ್ರೂ ಕೈಕೆಲ್ಸ ಗೊತ್ತಿರೋರು ಬೇಕು ಅಂತಿದ್ರಂತೆ, ಅಲ್ಲಿಗಾದ್ರೂ ಓಗಿ."

ಟ್ಯಾಂಕ್ ಸ್ಕೂಲ್ ಎಂದರೆ ನೀರಿನ ಟ್ಯಾಂಕಿನ ಪಕ್ಕದ ಸರಕಾರಿ ಪ್ರಾಥಮಿಕ ಶಾಲೆ. ಮುಖ್ಯೋಪಾಧ್ಯಾಯಿನಿ ನೀಲಾಂಬಿಕಾ ಮೇಡಂ ಯಾವುದೋ ತರಬೇತಿಗೆ ಹೋಗಿ ಬಂದಿದ್ದರು. ಮಕ್ಕಳಿಗೆ ಉತ್ತರ ಹೇಳಿಕೊಡುವುದಲ್ಲ, ಸುತ್ತಲಿನ ಒಂದು ನಿಜವಾದ ತೊಂದರೆ ಕೊಟ್ಟು ಅವರೇ ಉಪಾಯ ಹುಡುಕಿ, ಮಾಡಿ, ಕೆಡಿಸಿ, ಮತ್ತೆ ಮಾಡುವಂತೆ ಬಿಡಬೇಕು ಎಂದು ಅಲ್ಲಿ ಹೇಳಿದ್ದರು. ಬ್ಯಾಗಿಲ್ಲದ ಶನಿವಾರಗಳ ಕೊನೆಯ ಎರಡು ಪೀರಿಯಡ್ಡುಗಳನ್ನು ಅದಕ್ಕೆಂದು ತೆಗೆದಿಟ್ಟಿದ್ದರು. ಆಳು ಮಾತ್ರ ಸಿಕ್ಕಿರಲಿಲ್ಲ.

"ನಿಮಗೆ ಪಾಠ ಮಾಡಿ ಅಭ್ಯಾಸ ಇದೆಯಾ ಸಾರ್?" ಎಂದು ಕೇಳಿದರು.

"ಅಪ್ರೆಂಟಿಸ್ಗಳಿಗೆ ಬೈದು ಅಭ್ಯಾಸ ಐತೆ ಮೇಡಂ."

"ಬೈಯೋದು ಬೇಡ. ಮಿಕ್ಕಿದ್ದು ಇಟ್ಕೊಳ್ಳಿ," ಎಂದರು ಮೇಡಂ.

ನಾಲ್ಕು ಮತ್ತು ಐದನೇ ತರಗತಿ ಸೇರಿ ನಲವತ್ತೆಂಟು ಮಕ್ಕಳು. ನೆಲದ ಮೇಲೆ ಚಾಪೆ ಹಾಸಿ ಕೂರುವ ಕೋಣೆಯಾದ್ದರಿಂದ ಚಪ್ಪಲಿಗಳೆಲ್ಲ ಹೊರಗೆ ಪಡಸಾಲೆಯಲ್ಲಿ. ತೊಂದರೆ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಬಹುತೇಕ ಮಕ್ಕಳ ಚಪ್ಪಲಿ ಒಂದೇ ತಳ್ಳುಗಾಡಿಯಿಂದ ಕೊಂಡದ್ದು. ಎಲ್ಲವೂ ನೀಲಿ ಪಟ್ಟಿಯ ಹವಾಯಿ. ಕೊನೆಯ ಗಂಟೆ ಹೊಡೆದರೆ ನಲವತ್ತೆಂಟು ಮಕ್ಕಳು ತೊಂಬತ್ತಾರು ಚಪ್ಪಲಿಗಳ ರಾಶಿಯ ಮೇಲೆ ಬೀಳುತ್ತಿದ್ದರು. ಮೊದಲು ಬಂದವರು ಒದ್ದು ಹುಡುಕುತ್ತಿದ್ದರು, ಕೊನೆಗೆ ಬಂದವರು ಅತ್ತು ಹುಡುಕುತ್ತಿದ್ದರು. ಮೆಟ್ರೋ ಓಡುವ ಊರಿನಲ್ಲಿ ಮೆಟ್ಟಿನದೇ ತಾಪತ್ರಯ. ಎರಡೂ ಎಡಗಾಲಿನ ಚಪ್ಪಲಿ ಹಾಕಿಕೊಂಡು ದಿನಕ್ಕೆ ಒಬ್ಬರಾದರೂ ಮನೆಗೆ ಹೋಗುತ್ತಿದ್ದರು. ಎಡವಟ್ಟು ಎಂಬ ಮಾತು ಕಾಲು ಬಂದು ನಡೆಯುವುದನ್ನು ಮುನಿರಾಜು ಕಣ್ಣಾರೆ ಕಂಡ. ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ಕೋಣೆ ಖಾಲಿಯಾಗಲು ಹನ್ನೊಂದು ನಿಮಿಷ.

ಅವನ ಕೈ ತುರಿಸಿತು. ಇದು ಅವನ ಕಸುಬಿನ ತೊಂದರೆ. ಯಾರ ಚಪ್ಪಲಿಯೂ ಇನ್ನೊಬ್ಬರ ಜಾಗದಲ್ಲಿ ಕೂರಬಾರದು, ಎಡದ್ದು ಬಲದಲ್ಲಿ ಕೂರಬಾರದು.

ಜುಲೈನಲ್ಲಿ ಅಳತೆ ಶುರುವಾಯಿತು. ಮುನಿರಾಜು ತನ್ನ ವರ್ನಿಯರ್ ಕ್ಯಾಲಿಪರ್ ತಂದ. ಪಿಸ್ಟನ್ ಅಳೆಯುವ ಉಪಕರಣದಲ್ಲಿ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಮಿಲಿಮೀಟರಿನ ನೂರರಲ್ಲೊಂದು ಭಾಗದವರೆಗೆ ಅಳೆದದ್ದು ಪೀಣ್ಯದಲ್ಲಿ ಅದೇ ಮೊದಲಿರಬೇಕು. ಹಳೆಯ ಗೆಳೆಯನೊಬ್ಬ ಪ್ಲೈವುಡ್ ಕಳಿಸಿದ. ಮಕ್ಕಳು ಮರಳುಕಾಗದ ಹಿಡಿದು ಉಜ್ಜಿದರು. ನಾಲ್ಕನೇ ತರಗತಿಯ ಭಾಗ್ಯಶ್ರೀ, ಇವನದೇ ಮನೆಯ ಮೇಲಿನ ಕೋಣೆಯ ಬಾಡಿಗೆಯವಳು ರುಕ್ಮವ್ವನ ಮಗಳು, ಒಂದು ಶನಿವಾರ ಉಜ್ಜುತ್ತಲೇ ಕೇಳಿದಳು:

"ಸರ್ರ, ನಾವು ಯಾವಾಗ ಉಪಾಯ ಮಾಡೂದ್ರಿ?"

"ಉಪಾಯ ಆಗೋಯ್ತಲ್ಲಮ್ಮ. ಈಗ ಉಜ್ಜೋದು."

"ಉಜ್ಜೂದಾದ್ರ ಮನ್ಯಾಗ ಭಾಂಡೆ ಅದಾವ್ರಿ," ಅಂದು ಉಜ್ಜಿದಳು.

ಸೆಪ್ಟೆಂಬರಿನಲ್ಲಿ ರ್ಯಾಕು ಸಿದ್ಧವಾಯಿತು. ಪಡಸಾಲೆಯ ಉದ್ದಕ್ಕೂ ತೊಂಬತ್ತಾರು ಗುಳಿಗಳು, ಒಂದೊಂದೂ ಒಂದೊಂದು ಪಾದದ ಆಕಾರ, ಕೆಳಗೆ ಹೆಸರು. ನಿಜಕ್ಕೂ ಚೆನ್ನಾಗಿತ್ತು. ಭಾಗ್ಯಶ್ರೀಯ ಎಡಗಾಲಿನ ಚಪ್ಪಲಿ ಭಾಗ್ಯಶ್ರೀಯ ಎಡಗುಳಿಯಲ್ಲಿ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ; ಅಲ್ಲಿ ಕೂತಾಗ ಟಕ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಆ ಸದ್ದು ಕೇಳಲು ಮುನಿರಾಜು ಬೆಳಿಗ್ಗೆ ಎಂಟಕ್ಕೇ ಬಂದು ನಿಲ್ಲುತ್ತಿದ್ದ. ಕೋಣೆ ಐದು ನಿಮಿಷಕ್ಕೆ ಖಾಲಿಯಾಗುತ್ತಿತ್ತು. ಒಂದು ವಾರ ಅವನು ಶಾಂತಿಗೆ ಬೇರೆ ಯಾವ ವಿಷಯವನ್ನೂ ಹೇಳಲಿಲ್ಲ.

ಆಮೇಲೆ ದಸರಾ ರಜೆ ಬಂತು.

ಹದಿನೇಳು ದಿನದ ರಜೆಯಲ್ಲಿ ಮಕ್ಕಳು ಊರಿಗೆ ಹೋದರು, ರೊಟ್ಟಿ ತಿಂದರು, ಹಬ್ಬಕ್ಕೆ ಹೊಸ ಚಪ್ಪಲಿ ಕೊಡಿಸಿಕೊಂಡರು. ಎಲ್ಲಕ್ಕಿಂತ ಮುಖ್ಯವಾಗಿ, ಬೆಳೆದರು. ಶಾಲೆ ತೆರೆದ ದಿನ ಪಡಸಾಲೆಯಲ್ಲಿ ಟಕ್ ಎಂಬ ಸದ್ದು ಕೇಳಿಸಲಿಲ್ಲ. ಮೂವತ್ತು ಜೊತೆ ಚಪ್ಪಲಿಗಳು ಗುಳಿಯ ಮೇಲೆ ಸೇತುವೆಯ ಹಾಗೆ ಅಡ್ಡ ಬಿದ್ದಿದ್ದವು. ನಾಲ್ಕು ಮಕ್ಕಳ ಅಪ್ಪಂದಿರು ಕುಂದಲಹಳ್ಳಿಯ ಕಟ್ಟಡದ ಕೆಲಸಕ್ಕೆ ಸಂಸಾರ ಸಮೇತ ಹೋಗಿ, ಆ ಮಕ್ಕಳ ಗುಳಿಗಳು ಖಾಲಿ. ಹೊಸದಾಗಿ ಸೇರಿದ ನಾಲ್ವರಿಗೆ ಗುಳಿಯೇ ಇಲ್ಲ. ಬಲವಂತವಾಗಿ ತುರುಕಿದ ಚಪ್ಪಲಿಯನ್ನು ಕೀಳಲು ಒಬ್ಬಳು ಸ್ಕೇಲು ಬಳಸುತ್ತಿದ್ದಳು. ಕೋಣೆ ಖಾಲಿಯಾಗಲು ಹದಿನಾಲ್ಕು ನಿಮಿಷ ಹಿಡಿಯಿತು, ಅಂದರೆ ರ್ಯಾಕಿಲ್ಲದ ದಿನಗಳಿಗಿಂತ ಮೂರು ನಿಮಿಷ ಹೆಚ್ಚು.

ಮುನಿರಾಜು ರ್ಯಾಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮೂವತ್ತೊಂದು ವರ್ಷ ಅವನ ಕೈಗೆ ಬಂದ ಪೀಸುಗಳಲ್ಲಿ ಒಂದೂ ರಜೆಗೆ ಹೋಗಿ ದಪ್ಪವಾಗಿ ಬಂದಿರಲಿಲ್ಲ. ಎರಕದ ಕಬ್ಬಿಣ ಹೋಳಿಗೆ ತಿನ್ನುವುದಿಲ್ಲ. ಹಾಗಾಗಿ ಪೀಸು ಬೆಳೆಯಬಹುದು ಎಂಬ ಯೋಚನೆ ಅವನ ತಲೆಯಲ್ಲಿ ಒಂದು ಸಲವೂ ಸುಳಿದಿರಲಿಲ್ಲ.

ಅದೇ ದಿನ ನೀಲಾಂಬಿಕಾ ಮೇಡಂ ಕರೆದು ಇನ್ನೊಂದು ಸುದ್ದಿ ಹೇಳಿದರು. ಈ ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ದಾಸಪ್ಪನವರು ಬರುವ ಶನಿವಾರ ಬರುತ್ತಾರೆ. ಶನಿವಾರದ ಆ ಎರಡು ಪೀರಿಯಡ್ಡನ್ನು ನವೆಂಬರಿನಿಂದ ಓದು-ಬರಹದ ಅಭ್ಯಾಸಕ್ಕೆ ಕೊಡಬೇಕೆಂದು ಅವರ ಅಭಿಪ್ರಾಯ.

"ನಾನು ವಾದ ಮಾಡಿದೀನಿ ಸಾರ್. ಒಂದ್ಸಲ ಬಂದು ನೋಡ್ತೀನಿ, ಕೆಲಸಕ್ಕೆ ಬರೋ ಪಾಠ ಅನ್ಸಿದ್ರೆ ಮಾರ್ಚ್‌ವರೆಗೂ ಇರ್ಲಿ, ಇಲ್ದಿದ್ರೆ ನಿಲ್ಸಿ ಅಂದ್ರು. ನಿಮ್ಮ ರ್ಯಾಕ್ ಇದೆಯಲ್ಲ, ಭಯ ಇಲ್ಲ."

ರ್ಯಾಕು ಇತ್ತು. ಭಯವೂ ಇತ್ತು. ಶನಿವಾರ ಹೋದರೆ ವಾರದಲ್ಲಿ ಉಳಿಯುವುದು ಗಡಿಯಾರ ಎಂದು ಮುನಿರಾಜುವಿಗೆ ಗೊತ್ತಿತ್ತು. ಅವನಿಗೆ ಆ ಎರಡು ಪೀರಿಯಡ್ಡು ಬೇಕಿತ್ತು. ಸಂಬಳಕ್ಕಲ್ಲ, ಅದು ಇರಲೇ ಇಲ್ಲ. 'ಸಾರ್', 'ಸರ್ರ' ಎಂದು ನಲವತ್ತೆಂಟು ಬಾಯಿ ಒಟ್ಟಿಗೆ ಕರೆಯುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಶುಕ್ರವಾರದವರೆಗೆ ಅರ ಹಿಡಿದು ಗುಳಿಗಳನ್ನು ದೊಡ್ಡದು ಮಾಡಿದ. ಹನ್ನೆರಡು ಗುಳಿ ಆಗುವಷ್ಟರಲ್ಲಿ ಒಂದರ ಗೋಡೆ ಒಡೆದು ಪಕ್ಕದ ಗುಳಿಗೆ ಸೇರಿತು. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಮಕ್ಕಳನ್ನು ಕರೆದು, ನಾಳೆ ಒಂದು ದಿನ ಮಾತ್ರ ಎಲ್ಲರೂ ಹಳೆ ಚಪ್ಪಲಿ ಹಾಕಿಕೊಂಡು ಬನ್ನಿ ಎಂದ.

ಸಂಜೆ ಕಾಫಿ ಕೊಡುತ್ತಾ ಶಾಂತಿ ಇದನ್ನು ಕೇಳಿಸಿಕೊಂಡಳು.

"ಒಂದ್ ಮಾತು ಕೇಳ್ತೀನಿ, ನಂಗೆ ಗೊತ್ತಿಲ್ಲ ಅದಕ್ಕೆ ಕೇಳ್ತೀನಿ. ನಿಮ್ ಫ್ಯಾಕ್ಟ್ರೀಲಿ ಪೀಸಿಗೆ ಫಿಕ್ಸ್ಚರ್ ಮಾಡ್ತಿದ್ರೋ, ಫಿಕ್ಸ್ಚರ್‌ಗೆ ಪೀಸ್ ಮಾಡ್ತಿದ್ರೋ?"

"ಒಂದಿನದ ಮಟ್ಟಿಗೆ ಕಣೇ."

"ನಿಮ್ ಕೊಕ್ಕೆಗೆ ಸರಿಹೋಗ್ಲಿ ಅಂತ ಸೌಟನ್ನೇ ಬಗ್ಗಿಸ್ದಂಗಾಯ್ತು," ಅಂದು ಒಳಗೆ ಹೋದಳು. ಮಾತನ್ನು ಒಪ್ಪದಿದ್ದರೂ ಮುನಿರಾಜುವಿಗೆ ಅದು ಚುಚ್ಚಿತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮಕ್ಕಳು ಬಂದರು. ಸರ್ ಹೇಳಿದ ಮಾತು ಮೀರಿದವರು ಕಡಿಮೆ. ಹಿಮ್ಮಡಿ ಚಪ್ಪಲಿಯಿಂದ ಹೊರಗೆ ಇಣುಕುತ್ತಿತ್ತು, ಬೆರಳುಗಳು ಮುಂದೆ ನೆಲ ಹಿಡಿದಿದ್ದವು. ಒಬ್ಬೊಬ್ಬರೂ ಬಿಸಿ ನೆಲದ ಮೇಲೆ ಕೋಳಿ ನಡೆದ ಹಾಗೆ ನಡೆದು ಬಂದು ಚಪ್ಪಲಿಯನ್ನು ಗುಳಿಗೆ ಇಟ್ಟರು. ಟಕ್, ಟಕ್. ಮುನಿರಾಜು ಉಸಿರು ಬಿಟ್ಟ.

ಭಾಗ್ಯಶ್ರೀಯೂ ಬಂದು ಇಟ್ಟಳು. ಅವಳ ಬೆನ್ನಿಗೆ ಒಂದನೇ ತರಗತಿಯ ತಂಗಿ. ತಂಗಿಯ ಕಾಲಲ್ಲಿ ಏನೂ ಇರಲಿಲ್ಲ.

"ಯಾಕಮ್ಮ, ಇವಳ ಚಪ್ಪಲಿ?"

"ಅವೇ ಇವ್ರಿ," ಎಂದು ಭಾಗ್ಯಶ್ರೀ ಗುಳಿ ತೋರಿಸಿದಳು. "ದಸರಾಕ್ಕ ನನ್ನವು ಅಕಿಗೆ ಕೊಟ್ಟಿದ್ವಿ. ನೀವು ಹಳೇವು ತರ್ರಿ ಅಂದ್ರಲ್ರಿ, ಇಸ್ಕೊಂಡೆ."

"ಮತ್ತೆ ಅವಳು?"

"ಅಕಿ ಒಂದಿನ ಬರಿಗಾಲಾಗ ಬರ್ತೀನಿ ಅಂದ್ಳು. ಒಂದ ಚಾಕಲೇಟ್ ಕೊಡ್ಬೇಕ್ರಿ ಅಕಿಗೆ."

ಮುನಿರಾಜು ಪಡಸಾಲೆಯ ಆಚೆ ನೋಡಿದ. ಒಂದು ಮತ್ತು ಎರಡನೇ ತರಗತಿಯ ಸಾಲಿನಲ್ಲಿ ಬರಿಗಾಲುಗಳನ್ನು ಎಣಿಸಿದ. ಹದಿಮೂರು ಜನ. ಒಬ್ಬಳು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು ನಿಂತಿದ್ದಳು. ಬರುವ ದಾರಿಯಲ್ಲಿ ಜಲ್ಲಿ ಹಾಕಿದ್ದರು. ಇಷ್ಟು ಹೊತ್ತು ಹಿತವಾಗಿದ್ದ ಟಕ್ ಎಂಬ ಸದ್ದು ಈಗ ಅವನ ಕಿವಿಗೆ ನೆತ್ತಿಯ ಮೇಲೆ ಮೊಟಕಿದಂತೆ ಕೇಳಿಸಿತು.

"ಎಲ್ಲಾ ತಗೀರಿ," ಅಂದ. "ಚಿಕ್ಕೋರ ಚಪ್ಪಲಿ ಚಿಕ್ಕೋರಿಗೆ ಕೊಟ್ಟು ಬನ್ನಿ. ಮನೆ ಅತ್ರ ಇರೋರು ಓಡೋಗಿ ನಿಮ್ ನಿಮ್ಮ ಹೊಸ ಚಪ್ಪಲಿ ಹಾಕ್ಕೊಂಡ್ ಬನ್ನಿ. ಮೇಡಂಗೆ ನಾನು ಹೇಳ್ತೀನಿ."

ಅರ್ಧ ಗಂಟೆಯಲ್ಲಿ ಮಕ್ಕಳು ಮತ್ತೆ ಸೇರಿದರು. ಚಪ್ಪಲಿಗಳು ಮತ್ತೆ ರಾಶಿಯಾದವು. ಮೊದಲಿನ ಪೀರಿಯಡ್ಡುಗಳನ್ನೂ ಮೇಡಂ ಅವನಿಗೇ ಬಿಟ್ಟುಕೊಟ್ಟರು. ದಾಸಪ್ಪನವರು ಬರುವುದು ಹತ್ತೂವರೆಗೆ, ಈಗ ಒಂಬತ್ತು. ಎಲ್ಲರೂ ಮುನಿರಾಜುವಿನ ಮುಖ ನೋಡುತ್ತಿದ್ದರು.

"ಈಗ ಏನ್ ಮಾಡೋದು ಸಾರ್?" ಎಂದಳು ಐದನೇ ತರಗತಿಯ ಪ್ರಿಯಾಂಕಾ, ಈ ಊರಿನವಳೇ, ತರಗತಿಯ ನಾಯಕಿ.

"ಗೊತ್ತಿಲ್ಲ ಕಣಮ್ಮ," ಎಂದ ಮುನಿರಾಜು. ಕಾರ್ಖಾನೆಯ ಟೂಲ್ ರೂಮಿನಲ್ಲಿ ಈ ಮಾತು ಅವನ ಬಾಯಿಂದ ಬಂದದ್ದೇ ಇಲ್ಲ. ಅಲ್ಲಿ ಗೊತ್ತಿಲ್ಲದಿದ್ದರೆ 'ಡ್ರಾಯಿಂಗ್ ತನ್ನಿ' ಅನ್ನಬೇಕಿತ್ತು. "ನಾನು ಮಾಡಿದ್ದು ಕೆಲ್ಸಕ್ಕೆ ಬರ್ಲಿಲ್ಲ. ನಿಮ್ಗೇನಾದ್ರೂ ಗೊತ್ತಾ?"

ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. ಚಪ್ಪಲಿ ಹಾಕಿಕೊಂಡೇ ಒಳಗೆ ಕೂರೋಣ, ಒಬ್ಬೊಬ್ಬರಾಗಿ ಹೊರಗೆ ಬಿಡಿ, ಎಲ್ಲರೂ ಬೇರೆ ಬೇರೆ ಬಣ್ಣದ್ದು ಕೊಳ್ಳೋಣ. ಒಬ್ಬ, ಶಾಲೆಯನ್ನೇ ಬಿಡೋಣ ಎಂದ. ಮುನಿರಾಜು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದ. ಕೊನೆಯದನ್ನೂ ಬರೆದ.

"ನಮ್ಮವ್ವ ಕಟ್ಟಿ ಇಡ್ತಾಳ್ರಿ," ಎಂದಳು ಭಾಗ್ಯಶ್ರೀ.

"ಏನ್ ಕಟ್ತಾಳೆ?"

"ಚಪ್ಪಲಿರಿ. ಎರಡೂ ಒಂದಕ್ಕೊಂದು ಹಚ್ಚಿ ಬೈಂಡಿಂಗ್ ವೈರ್ ಸುತ್ತಿ ಬಾಗಲದಾಗ ಇಡ್ತಾಳ. ನಾಯಿ ಒಂದ ಚಪ್ಪಲಿ ಒಯ್ತದ್ರಿ, ಎರಡ ಕೂಡಿಸಿದ್ರ ಬಾಯಾಗ ಹಿಡಿಸಂಗಿಲ್ಲ."

ಬೈಂಡಿಂಗ್ ವೈರ್ ಎಂದರೆ ಕಟ್ಟಡದ ಕೆಲಸದಲ್ಲಿ ಕಬ್ಬಿಣದ ಸರಳು ಬಿಗಿಯುವ ಸಣ್ಣ ತಂತಿ. ಸುತ್ತಿದ ಆ ಚಪ್ಪಲಿಗಳು ಮುನಿರಾಜುವಿನ ಮನೆಯ ಮೆಟ್ಟಿಲ ಮೇಲೇ ಇರುತ್ತಿದ್ದವು. ನೀರಿನ ಟ್ಯಾಂಕು ನೋಡಲು ಹತ್ತುವಾಗೆಲ್ಲ ಅವನು ಅವನ್ನು ದಾಟಿ ಹೋಗಿದ್ದ. ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

"ವೈರ್ ಚುಚ್ಚುತ್ತೆ," ಎಂದಳು ಪ್ರಿಯಾಂಕಾ.

"ದಾರ?"

"ಗಂಟು ಬಿಚ್ಚೋಷ್ಟರಲ್ಲಿ ಬಸ್ ಹೋಗುತ್ತೆ."

"ರಬ್ಬರ್ ಬ್ಯಾಂಡ್?"

"ಪಟ್ ಅಂತ ಹರಿತದ."

"ಟ್ಯೂಬು," ಎಂದರು ಮೂರು ಜನ ಒಟ್ಟಿಗೆ. ಶಾಲೆಯ ಎದುರಿಗೇ ಯಂಕಪ್ಪನ ಪಂಕ್ಚರ್ ಅಂಗಡಿ. ಮುನಿರಾಜು ತಾನೇ ಹೋಗಿ ಹಳೆಯ ಟ್ಯೂಬುಗಳ ಒಂದು ಹೊರೆ ಹೊತ್ತು ತಂದ. ಅಳತೆ ಹೇಳಲು ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡು ಕತ್ತರಿಗಳನ್ನು ಹಂಚಿದ.

ಮೊದಲು ಕಾರಿನ ಟ್ಯೂಬು ಕತ್ತರಿಸಿದರು. ಅಗಲವಾಗಿ, ಸಡಿಲವಾಗಿ ಜಾರಿಬಿತ್ತು. ಸ್ಕೂಟರಿನದು ಬಿಗಿಯಾಗಿ ಚಪ್ಪಲಿಯನ್ನೇ ಬಾಗಿಸಿತು. ಸೈಕಲ್ ಟ್ಯೂಬಿನ ಬೆರಳಗಲದ ಬಳೆ ಸರಿಹೋಯಿತು. ಯಾರೋ ಅದನ್ನು ಬಳೆ ಎಂದದ್ದೇ ತಡ, ಭಾಗ್ಯಶ್ರೀ ಅದನ್ನು ಕೈಗೆ ಏರಿಸಿಕೊಂಡಳು. ಚಪ್ಪಲಿ ಕಾಲಲ್ಲಿರುವಾಗ ಬಳೆ ಕೈಯಲ್ಲಿ, ಚಪ್ಪಲಿ ಬಿಟ್ಟಾಗ ಬಳೆ ಚಪ್ಪಲಿಗೆ. ಕಳೆದುಹೋಗಲು ಅದಕ್ಕೆ ಸಮಯವೇ ಇಲ್ಲ. ಯಾರದು ಯಾರದೆಂದು ತಿಳಿಯಲು ಒಬ್ಬೊಬ್ಬರೂ ಒಂದೊಂದು ಗುರುತು ಕಟ್ಟಿದರು: ರಿಬ್ಬನ್ನಿನ ತುಂಡು, ಹಾಲಿನ ಪ್ಯಾಕೆಟ್ಟಿನ ಪಟ್ಟಿ, ಹಸಿರು ಕರೆಂಟ್ ವೈರು. ಹೊಸದಾಗಿ ಸೇರಿದ ನಾಲ್ವರಿಗೂ ಎರಡು ನಿಮಿಷದಲ್ಲಿ ಬಳೆ ಸಿದ್ಧವಾಯಿತು. ಅದರಲ್ಲಿ ಒಬ್ಬಳು ಮುನಿರಾಜುವನ್ನು ಕೇಳಿದಳು, "ಕಾಲು ಇನ್ನೂ ದೊಡ್ಡದಾದ್ರೆ ಸಾರ್?"

ಅವನು ಒಂದು ಬಳೆ ಹಿಡಿದು ಎಳೆದು ನೋಡಿದ. ಹಿಗ್ಗಿತು. ಇವನೂ ಹಿಗ್ಗಿದ.

ಹತ್ತೂವರೆಗೆ ದಾಸಪ್ಪನವರು ಬಂದರು. ಕಪ್ಪು ಶೂ ಬಿಚ್ಚಿ, ಕಾಲುಚೀಲದಲ್ಲಿ ಒಳಗೆ ಬಂದು, ಚಾಪೆಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಬೋರ್ಡಿನ ಮೇಲೆ 'ಶಾಲೆಯನ್ನೇ ಬಿಡುವುದು' ಎಂದಿದ್ದದ್ದನ್ನು ಓದಿದರು. ಮಕ್ಕಳು ಮಾಡಿದ್ದನ್ನೆಲ್ಲ ಹೇಳಿದರು. ಆಗ ಗಂಟೆ ಹೊಡೆಯಿತು. ದಾಸಪ್ಪನವರು ಕಿಟಕಿಯ ಹತ್ತಿರ ನಿಂತು ನೋಡಿದರು. ಒದೆಯುವವರಿರಲಿಲ್ಲ, ಅಳುವವರಿರಲಿಲ್ಲ. ಕೈ ಹಾಕಿದರೆ ಜೊತೆಗೆ ಜೊತೆ ಬರುತ್ತಿತ್ತು. ನಿನ್ನದು ಇಲ್ಲಿದೆ ಎಂದು ಎಸೆದರೂ ಬೇರೆಯಾಗುತ್ತಿರಲಿಲ್ಲ. ಇಬ್ಬರ ಜೊತೆ ಅದಲುಬದಲಾಯಿತು. ರಿಬ್ಬನ್ ನೋಡಿ ಗೇಟಿನ ಹತ್ತಿರವೇ ಬದಲಾಯಿಸಿಕೊಂಡರು. ನಾಲ್ಕು ನಿಮಿಷ.

ದಾಸಪ್ಪನವರು ತಮ್ಮ ಶೂ ಹುಡುಕಿದರು. ಅವೂ ಒಂದಕ್ಕೊಂದು ಅಂಟಿ, ಸ್ಕೂಟರ್ ಟ್ಯೂಬಿನ ಬಳೆಯೊಳಗೆ ಬಿಗಿಯಾಗಿ ಕೂತಿದ್ದವು.

"ಇದು ಯಾರ ಕೆಲಸ?"

"ನಿಮಗೂ ಎರಡ ಕಾಲು ಅದಾವಲ್ರಿ ಸರ್ರ," ಎಂದಳು ಗೇಟಿನತ್ತ ಹೊರಟಿದ್ದ ಭಾಗ್ಯಶ್ರೀ.

ದಾಸಪ್ಪನವರ ಮೀಸೆ ಸ್ವಲ್ಪ ಅಲ್ಲಾಡಿತು. ಶೂ ಹಾಕಿಕೊಂಡು, ಪಡಸಾಲೆಯಲ್ಲಿದ್ದ ರ್ಯಾಕಿನ ಕಡೆ ಪೆನ್ನು ತೋರಿಸಿದರು.

"ಇದೇನು ಮೇಷ್ಟ್ರೇ? ಚೆನ್ನಾಗಿದೆ."

ಇದು ಹಿಂದಿನ ಪ್ರಯೋಗ ಎಂದು ತೇಲಿಸಿಬಿಡಬಹುದಾಗಿತ್ತು. ನೀಲಾಂಬಿಕಾ ಮೇಡಂ ಕಣ್ಣಿನಲ್ಲೇ ಹಾಗೆ ಹೇಳಿಕೊಟ್ಟರು ಕೂಡ. ಆದರೆ ರಿಜೆಕ್ಟಾದ ಪೀಸನ್ನು ಒಳ್ಳೆಯ ಪೀಸುಗಳ ಬುಟ್ಟಿಗೆ ಹಾಕುವುದು ಮುನಿರಾಜುವಿನ ಕೈಗೆ ಅಭ್ಯಾಸವಿರಲಿಲ್ಲ. ಎಲ್ಲವನ್ನೂ ಹೇಳಿದ: ಕ್ಯಾಲಿಪರು, ಮೂರು ತಿಂಗಳ ಮರಳುಕಾಗದ, ದಸರಾ, ಹಳೆ ಚಪ್ಪಲಿ, ಹದಿಮೂರು ಜನ ಬರಿಗಾಲಲ್ಲಿ ಬಂದದ್ದು.

"ಅಂದ್ರೆ ಮೂರು ತಿಂಗಳು ನೀವು ಯೋಚನೆ ಮಾಡಿದ್ರಿ, ಮಕ್ಕಳು ಉಜ್ಜಿದ್ರು. ಇವತ್ತು ಒಂದೂವರೆ ಗಂಟೆ ಮಕ್ಕಳು ಯೋಚನೆ ಮಾಡಿದ್ರು."

"ನಾನು ಟ್ಯೂಬ್ ಹೊತ್ಕೊಂಡ್ ಬಂದೆ ಸಾರ್."

"ಹೂಂ," ಎಂದು ದಾಸಪ್ಪನವರು ಬಹಳ ಹೊತ್ತು ಬರೆದರು. ಅವರು ಬರೆಯುವಷ್ಟು ಹೊತ್ತು ಮುನಿರಾಜು ತನ್ನ ಶನಿವಾರಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಾ ಹೋದ. ಮಾರ್ಚಿನವು ಹೋದವು, ಫೆಬ್ರವರಿಯವು ಹೋದವು. ಜನವರಿಗೆ ಬರುವಷ್ಟರಲ್ಲಿ ದಾಸಪ್ಪನವರು ಪೆನ್ನು ಮುಚ್ಚಿದರು.

"ಮಾರ್ಚ್‌ವರೆಗೂ ಇರ್ಲಿ ಮೇಡಂ. ಇವತ್ತಿನ ತರ ಆದ್ರೆ ಮಾತ್ರ, ಮೂರು ತಿಂಗಳ ತರ ಅಲ್ಲ." ಆಮೇಲೆ ಮುನಿರಾಜುವಿನ ಕಡೆ ತಿರುಗಿ ದನಿ ತಗ್ಗಿಸಿದರು. "ಚಿಕ್ಕಬಾಣಾವರದ ಶಾಲೇಲಿ ಮೊಟ್ಟೆ ಕೊಡೋ ದಿನ ಒಂದು ರಾದ್ಧಾಂತ. ಇನ್ನೂರು ಮಕ್ಕಳು, ಇನ್ನೂರು ಮೊಟ್ಟೆ, ಸಿಪ್ಪೆ ಚರಂಡೀಲಿ, ಚರಂಡಿ ನೀರು ಮೈದಾನದಲ್ಲಿ. ಅಲ್ಲಿಗೂ ತಿಂಗಳಿಗೊಂದ್ಸಲ ಬರ್ತೀರಾ?"

ಮುನಿರಾಜುವಿನ ಕಣ್ಣ ಮುಂದೆ ಆಗಲೇ ಇನ್ನೂರು ಗುಳಿಗಳ ಮೊಟ್ಟೆ ಸಿಪ್ಪೆ ಸುಲಿಯುವ ಒಂದು ಫಿಕ್ಸ್ಚರು ಎದ್ದು ನಿಂತಿತ್ತು. ಕೈ ತುರಿಸಿತು. ಆ ಕೈಯನ್ನು ಜೇಬಿಗೆ ತುರುಕಿದ.

"ಬರ್ತೀನಿ ಸಾರ್. ಆದ್ರೆ ಮೊದಲ್ನೇ ದಿನ ನಾನು ಏನೂ ಮಾಡಲ್ಲ. ಮಕ್ಕಳ ಜೊತೆ ಸಾಲಲ್ಲಿ ಕೂತು ಮೊಟ್ಟೆ ತಿಂದ್ಕೊಂಡು ನೋಡ್ತಿರ್ತೀನಿ, ಅಷ್ಟೇ."

"ಅದನ್ನ ವರದೀಲಿ ಏನಂತ ತೋರಿಸ್ಲಿ ಮೇಷ್ಟ್ರೇ?"

"ಮಿಷನ್ ಸೆಟ್ಟಿಂಗ್ ಅಂತ ಬರ್ಕೊಳ್ಳಿ. ಮೊದಲ್ನೇ ಪೀಸಿಗೆ ಮುಂಚೆ ಮಾಡೋ ಕೆಲ್ಸ ಅದು."

ದಾಸಪ್ಪನವರು ಪೆನ್ನಿನ ಮುಚ್ಚಳ ಮತ್ತೆ ತೆಗೆದು ಹಾಗೆಯೇ ಬರೆದುಕೊಂಡರು, ಪಕ್ಕದಲ್ಲಿ 'ಒಂದು ಮೊಟ್ಟೆ ಹೆಚ್ಚಿಗೆ' ಎಂದು ಸೇರಿಸಿದರು.